25 ಸಾವಿರದೊಳಗೆ ಒಂದು ಒಳ್ಳೆಯ ಗಿಟಾರ್

ನನ್ನ ಯಮಹಾ ಎಫ್310 ಇನ್ನೂ ಗಟ್ಟಿಯಾಗಿದೆ. ನಮ್ಮ ಮಲೆನಾಡಿನ ಸಾಗರ ಊರಿನ ಮಳೆಗಾಲಗಳನ್ನೆಲ್ಲ ತಡೆದುಕೊಂಡಿದೆ, ಇವತ್ತಿಗೂ ಶ್ರುತಿ ಬಿಡುವುದಿಲ್ಲ. ಹಾಗಿರುವಾಗ ಹೊಸದು ಯಾಕೆ ಅಂತ ಮನೆಯಲ್ಲಿ ಅಮ್ಮ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

ನಾನು ಭಾವಗೀತೆ ಹಾಡುವವಳು. ಪಿಕ್ ಹಿಡಿಯುವುದು ಕಡಿಮೆ, ಬೆರಳಲ್ಲೇ ಮೀಟುತ್ತೇನೆ. ಜೋರಾಗಿ ಬಾರಿಸಿದರೆ ಎಫ್310 ಚೆನ್ನಾಗಿಯೇ ಕೇಳುತ್ತದೆ. ಆದರೆ ಚರಣದಲ್ಲಿ ದನಿ ತಗ್ಗಿಸಿ ಮೆಲ್ಲಗೆ ಮೀಟಿದರೆ ನಾದ ಸಪ್ಪೆಯಾಗುತ್ತದೆ, ನಿಲ್ಲುವುದೇ ಇಲ್ಲ. ನನಗೆ ಬೇಕಿದ್ದಿದ್ದು ಮೆಲ್ಲಗೆ ನುಡಿಸಿದಾಗಲೂ ಮಾತಾಡುವ ಗಿಟಾರ್. ಇಷ್ಟು ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿದಂತೆ.

ವ್ಯತ್ಯಾಸ ಇರುವುದು ಮೇಲ್ಹಲಗೆಯಲ್ಲಿ. ಎಫ್310ರ ಮೇಲ್ಹಲಗೆ ತೆಳು ಪದರಗಳನ್ನು ಅಂಟಿಸಿ ಮಾಡಿದ್ದು. ಸಾಲಿಡ್ ಟಾಪ್ ಅಂದರೆ ಪದರವಿಲ್ಲದ ಇಡೀ ಮರ, ಸಣ್ಣ ಮೀಟಿಗೂ ಸುಲಭವಾಗಿ ಕಂಪಿಸುತ್ತದೆ. ಅಂಗಡಿಯವರು ಹೇಳಿದ್ದನ್ನು ನಂಬಿ ಸುಮ್ನೆ ಬರಬೇಡಿ, ನೀವೇ ನೋಡಿ. ನಡುವಿನ ದುಂಡು ರಂಧ್ರದ ಅಂಚಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮೇಲೆ ಕಾಣುವ ಮರದ ಗೆರೆಗಳು ಅಂಚಿನಲ್ಲಿ ಹಾಗೇ ಕೆಳಗಿಳಿದು ಒಳಬದಿಗೂ ಮುಂದುವರಿದರೆ ಸಾಲಿಡ್. ಅಂಚಿನಲ್ಲಿ ಅಡ್ಡ ಪದರ ಕಂಡರೆ ಅಲ್ಲ. ಒಂದು ಅಂಗಡಿಯಲ್ಲಿ "ಪಕ್ಕಾ ಸಾಲಿಡ್ ಮೇಡಂ" ಅಂತ ಕೊಟ್ಟಿದ್ದರಲ್ಲಿ ಮೂರು ಪದರ ಎಣಿಸುವ ಹಾಗೆ ಕಾಣುತ್ತಿತ್ತು.

ಚೀಲ, ತಂತಿ, ಸೆಟಪ್ (ತಂತಿಯ ಎತ್ತರ ಕೈಗೆ ಹೊಂದುವಂತೆ ಸರಿಮಾಡಿಸುವುದು) ಎಲ್ಲ ಸೇರಿ 25 ಸಾವಿರ ಅಂತ ನಿಗದಿ ಮಾಡಿಕೊಂಡಿದ್ದೆ. ಪಿಕಪ್, ಅಂದರೆ ನಾದವನ್ನು ಸ್ಪೀಕರಿಗೆ ಕಳಿಸುವ ಸಾಧನ, ಬೇಡ ಅಂತ ಮೊದಲೇ ನಿರ್ಧಾರ. ಈ ಬೆಲೆಯಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಹೋದ ದುಡ್ಡು ಮರದಿಂದಲೇ ಕಡಿತವಾಗುತ್ತದೆ. ನಮ್ಮ ಗಣಪತಿ ಪೆಂಡಾಲಿನ ಕಾರ್ಯಕ್ರಮಕ್ಕೆ ಎದುರಿಗೊಂದು ಮೈಕ್ ಇಟ್ಟರೆ ಸಾಕು. ಹಿಂಬದಿ ಮತ್ತು ಪಕ್ಕ ಪದರದ ಮರವಾದರೂ ಪರವಾಗಿಲ್ಲ ಅಂದುಕೊಂಡೆ. ಎಲ್ಲವೂ ಸಾಲಿಡ್ ಬೇಕೆಂದರೆ ಬಜೆಟ್ ಬೇರೆಯೇ ಆಗುತ್ತದೆ.

ಬೆಂಗಳೂರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿದ್ದು ಯಮಹಾ ಎಫ್‌ಜಿ800, ಅದೇ ಸಾಲಿನ ಎಫ್‌ಎಸ್800, ಫೆಂಡರ್ ಸಿಡಿ-60ಎಸ್. ಮೂರರ ಮೇಲ್ಹಲಗೆಯೂ ಸಾಲಿಡ್ ಸ್ಪ್ರೂಸ್ ಮರ. ಫೆಂಡರ್ ಕುತ್ತಿಗೆ ಕೈಗೆ ಹಿತವಾಗಿತ್ತು, ಆದರೆ ನನ್ನ ಕಿವಿಗೆ ಯಮಹಾಗಳೇ ಹೆಚ್ಚು ಸ್ಪಷ್ಟ. ಆಮೇಲೆ ಉಳಿದಿದ್ದು ಎಫ್‌ಜಿಯೋ ಎಫ್‌ಎಸ್ಸೋ ಅನ್ನೋದು.

ಇಲ್ಲಿ ಸ್ವಲ್ಪ ನಿಧಾನಿಸಿ. ಹೆಚ್ಚಿನವರು ಕಣ್ಣುಮುಚ್ಚಿ ಎಫ್‌ಜಿ800 ತಗೋತಾರೆ. ದೊಡ್ಡ ಹೊಟ್ಟೆ, ತುಂಬಿದ ಬೇಸ್, ಸ್ಟ್ರಮ್ಮಿಂಗ್‌ಗೆ ಬಲು ಚೆನ್ನ. ಅದರ ಸ್ಕೇಲ್, ಅಂದರೆ ನಟ್‌ನಿಂದ (ಕುತ್ತಿಗೆಯ ತುದಿಯ ಪಟ್ಟಿ) ಸ್ಯಾಡಲ್‌ವರೆಗಿನ (ಹೊಟ್ಟೆಯ ಮೇಲೆ ತಂತಿ ಕೂರುವ ಪಟ್ಟಿ) ತಂತಿಯ ಉದ್ದ, 650 ಮಿಲಿಮೀಟರ್. ಎಫ್‌ಎಸ್800ರದ್ದು 634. ಎಫ್310ರದ್ದೂ 634! ಇಷ್ಟು ವರ್ಷ ನನ್ನ ಬೆರಳು ಪಳಗಿದ ಅಳತೆಯೇ ಅದು. ಅದೇ ತಂತಿ, ಅದೇ ಶ್ರುತಿ ಇದ್ದರೆ ಗಿಡ್ಡ ಸ್ಕೇಲಿನಲ್ಲಿ ಬಿಗಿತ ಸುಮಾರು 5% ಕಡಿಮೆ. ಬ್ಯಾಂಕಿನಲ್ಲಿ ದಿನವಿಡೀ ಕೀಬೋರ್ಡ್ ಕುಟ್ಟಿ ಬಂದ ಕೈಗೆ, ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತಬೇಕಾದ ಎಫ್ ಬಾರ್ ಕಾರ್ಡ್ ಹಿಡಿಯುವಾಗ ಆ ವ್ಯತ್ಯಾಸ ಗೊತ್ತಾಗುತ್ತದೆ. ಅಂಗಡಿಯಲ್ಲೇ ಕೂತು ಎರಡರಲ್ಲೂ ಮೆಲುದನಿಯಲ್ಲಿ ಹಾಡಿ ನೋಡಿದೆ. ಎಫ್‌ಜಿಯ ಬೇಸ್ ನನ್ನ ದನಿಯ ಮೇಲೆ ಬಂದು ಕೂರುತ್ತಿತ್ತು. ಎಫ್‌ಎಸ್ ಪಕ್ಕದಲ್ಲಿ ನಿಲ್ಲುತ್ತಿತ್ತು. ಹಾಡುವವರಾದರೆ ದಯವಿಟ್ಟು ಹಾಡಿಯೇ ಆರಿಸಿ, ನಾಚಿಕೆ ಬೇಡ.

ಎಫ್‌ಎಸ್800 ತಗೊಂಡೆ. ಫ್ರೆಟ್‌ಬೋರ್ಡ್, ಅಂದರೆ ಲೋಹದ ಅಡ್ಡಗೆರೆಗಳಿರುವ (ಅವೇ ಫ್ರೆಟ್) ಬೆರಳೊತ್ತುವ ಪಟ್ಟಿ, ವಾಲ್ನಟ್ ಮರದ್ದು. ಮೊದಲೆಲ್ಲ ಈ ಬೆಲೆಯವಕ್ಕೂ ರೋಸ್‌ವುಡ್ ಬರುತ್ತಿತ್ತು, ಅಂದರೆ ನಮ್ಮ ಮಲೆನಾಡಿನ ಬೀಟೆ ಮತ್ತದರ ದಾಯಾದಿಗಳು. 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದಡಿ ದೇಶದಿಂದ ದೇಶಕ್ಕೆ ಅವುಗಳ ಸಾಗಾಟಕ್ಕೆ ಪರವಾನಗಿ ಬೇಕಾಯಿತು, ತಯಾರಕರು ಬೇರೆ ಮರ ಹುಡುಕಿಕೊಂಡರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೀಟೆ ಇಲ್ಲ ಅಂತ ನನಗೇನೂ ಬೇಸರವಿಲ್ಲ. ಕಾಡಿನಲ್ಲಿ ನಿಂತ ಬೀಟೆ ನೋಡಿದವರಿಗೆ ಅದು ಅಲ್ಲೇ ಇರಲಿ ಅನ್ನಿಸುತ್ತದೆ.

ಈಗ ಸೆಟಪ್. ಇದಕ್ಕೆ ದುಡ್ಡು ಎತ್ತಿಡದೆ ಗಿಟಾರ್ ಕೊಳ್ಳಬೇಡಿ. ನನ್ನದರಲ್ಲಿ 12ನೇ ಫ್ರೆಟ್ ಮೇಲೆ ಆರನೇ ತಂತಿ 3 ಮಿಲಿಮೀಟರಿಗಿಂತ ಜಾಸ್ತಿ ಎತ್ತರದಲ್ಲಿತ್ತು. ಸ್ಟೀಲಿನ ಅಳತೆಪಟ್ಟಿ ಇಟ್ಟರೆ ಯಾರಿಗಾದರೂ ಕಾಣುತ್ತದೆ. ರಿಪೇರಿಯವರು ಮೊದಲು ಕುತ್ತಿಗೆಯೊಳಗಿನ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ಕುತ್ತಿಗೆಯ ಬಾಗು ಸರಿ ಮಾಡಿದರು. ಆಮೇಲೆ ಸ್ಯಾಡಲ್ ಹೊರಗೆ ತೆಗೆದು ಅದರ ತಳವನ್ನು ಮರಳು ಕಾಗದದ ಮೇಲೆ ಉಜ್ಜಿದರು. 12ನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಅದರ ಎರಡರಷ್ಟು, ಒಂದು ಮಿಲಿಮೀಟರ್ ಸವೆಸಬೇಕು. ಸ್ವಲ್ಪ ಉಜ್ಜುವುದು, ತಂತಿ ಏರಿಸಿ ಅಳೆಯುವುದು, ಮತ್ತೆ ಉಜ್ಜುವುದು. 2.5ಕ್ಕೆ ನಿಲ್ಲಿಸಿದರು. 11-52 ಗೇಜಿನ (ದಪ್ಪದ) ಫಾಸ್ಫರ್ ಬ್ರಾಂಜ್ ತಂತಿ ಹಾಕಿಸಿದೆ. ಅದೇ ಗಿಟಾರ್, ಆದರೆ ಕೈಗೆ ಬೇರೆಯದೇ ಅನ್ನಿಸಿತು.

ನಮ್ಮ ಕಡೆಯವರಿಗೆ ಒಂದು ಮಾತು. ಸಾಲಿಡ್ ಮರ ತೇವ ಕುಡಿಯುತ್ತದೆ. ಗಾಳಿಯ ತೇವಾಂಶ 45ರಿಂದ 55% ಇದ್ದರೆ ಅದಕ್ಕೆ ಸುಖ, ನಮ್ಮ ಆಷಾಢದಲ್ಲಿ ಅದು ಎಲ್ಲಿ ಸಿಗಬೇಕು? ಮೇಲ್ಹಲಗೆ ಉಬ್ಬುತ್ತದೆ, ಜೊತೆಗೆ ತಂತಿಯೂ ಮೇಲೇಳುತ್ತದೆ. ಹೊರಗೋಡೆಗಂತೂ ನೇತು ಹಾಕಲೇಬೇಡಿ, ಮಳೆಗಾಲದಲ್ಲಿ ಆ ಗೋಡೆಗಳು ಬೆವರುತ್ತವೆ. ನುಡಿಸಿ ಆದ ಮೇಲೆ ಒರೆಸಿ ಕೇಸಿನಲ್ಲಿಡಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ಚಿಕ್ಕದೊಂದು ತೇವಮಾಪಕ ಇರಲಿ. ಬಣ್ಣ ಬದಲಿಸುವ ಜೆಲ್ ತಗೊಂಡರೆ ಒಲೆ ಪಕ್ಕ ಒಣಗಿಸಿ ಮತ್ತೆ ಬಳಸಬಹುದು.

ಪದರದ ಮರಕ್ಕೆ ಈ ಕಾಟ ಅಷ್ಟಿಲ್ಲ. ಅದಕ್ಕೇ ಎಫ್310 ಮಾರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಕಾರ್ಯಕ್ರಮಕ್ಕೆಲ್ಲ ಅದೇ ಬರುತ್ತದೆ. ಉಳಿದ ತಿಂಗಳು ತಂಗಿ ಮಗಳು ಅದರಲ್ಲಿ ಕಲಿಯುತ್ತಿದ್ದಾಳೆ. ಜಿ ಮತ್ತು ಸಿ ಕಾರ್ಡ್ ಕೂತಿವೆ, ಎಫ್ ಇನ್ನೂ ಆಗಿಲ್ಲ.