ಬೀಜ ಎಲ್ಲಿದೆ ಅಂತ ಮೊದ್ಲು ಹುಡುಕಿ
ಸ್ಕ್ಯಾನಿಂಗ್ ರೂಮಲ್ಲಿ ಕೂತು ವರ್ಷಗಳೇ ಆದ್ವು, ಆದ್ರೂ ಈ ಒಂದು ರಿಪೋರ್ಟ್ ನೆನಪಾದ್ರೆ ಈಗ್ಲೂ ಕಿವಿ ಬಿಸಿಯಾಗುತ್ತೆ. ಮೂವತ್ತರ ಆಸುಪಾಸಿನ ಹುಡ್ಗ, ಮದ್ವೆ ಆಗಿ ಒಂದ್ವರ್ಷ, ಕೌಂಟರಲ್ಲಿ "ಹೊಟ್ಟೆ ಸ್ಕ್ಯಾನಿಂಗ್" ಅಂತ ಹೇಳಿ, ಒಳಗೆ ಬಂದು ಬಾಗ್ಲು ಹಾಕಿದ್ಮೇಲೇ ಚೀಟಿ ತೋರ್ಸಿದ್ದು. ಬಲಗಡೆ ಬೀಜದ (ವೃಷಣದ) ಚೀಲ ನಿಂಬೆಹಣ್ಣಿಗಿಂತ ದೊಡ್ಡದಾಗಿ ಊದಿತ್ತು. ಹೊರಗೆ ಹದಿನೈದು ಜನ ಕಾಯ್ತಿದ್ರು, ಪ್ರೋಬ್ ಇಟ್ಟೆ, ಪೂರ್ತಿ ಕಪ್ಪು, ಅದರ ಹಿಂದೆ ಬೆಳ್ಳಗೆ, ಅಂದ್ರೆ ನೀರೇ ಸರಿ, ಹೈಡ್ರೋಸೀಲ್, ಅಂದ್ರೆ ಬೀಜದ ಸುತ್ತ ನೀರು, ಅಂತ ಟೈಪ್ ಮಾಡ್ಸಿ ಕಳಿಸ್ಬಿಟ್ಟೆ.

ಮಾರನೇ ದಿನ ಸರ್ಜನ್ ಸರ್ ಫೋನ್. "ಏನಪ್ಪಾ, ಬೀಜ ಕೆಳಗೆ ಬೇರೆಯಾಗೇ ಕೈಗೆ ಸಿಗ್ತಿದೆ, ಹೈಡ್ರೋಸೀಲ್ ಹೆಂಗಾಗುತ್ತೆ?" ಟಾರ್ಚ್ ಬಿಟ್ರೆ ಹೈಡ್ರೋಸೀಲೂ ಬೇರೆ ನೀರಿನ ಗಂಟೂ ಎರಡೂ ಕೆಂಪಗೆ ಹೊಳೆಯುತ್ತೆ, ಅದ್ರಲ್ಲಿ ಗೊತ್ತಾಗಲ್ಲ, ಕೈಗೆ ಗೊತ್ತಾಗಿದ್ದು ನನ್ನ ಮೆಷಿನ್‌ಗೆ ಗೊತ್ತಾಗ್ಲಿಲ್ಲ. ಮೆಷಿನ್ ಏನ್ ಮಾಡುತ್ತೆ ಪಾಪ, ನೋಡ್ದೋನು ನಾನು.

ದುಡ್ಡು ತಗೊಳ್ದೆ ಮತ್ತೆ ಕರ್ಸಿ, ಈ ಸಲ ನಿಧಾನಕ್ಕೆ ಬೀಜಾನೇ ಮೊದ್ಲು ಹುಡುಕ್ದೆ. ಹೈಡ್ರೋಸೀಲ್ ಆಗಿದ್ರೆ ನೀರು ಬೀಜದ ಮುಂದೆ, ಪಕ್ಕ ಎಲ್ಲಾ ಸುತ್ಕೊಂಡಿರ್ಬೇಕು. ಇಲ್ಲಿ ಬೀಜ ಕೆಳಗೆ ಮೂಲೆಗೆ ಒತ್ತರಿಸ್ಕೊಂಡು ಕೂತಿತ್ತು, ನೀರಿನ ಚೀಲ ಮೇಲ್ಗಡೆ, ಎಪಿಡಿಡಿಮಿಸ್ (ಬೀಜಕ್ಕೆ ಅಂಟ್ಕೊಂಡಿರೋ, ವೀರ್ಯಾಣು ಸಾಗೋ ನಳಿಗೆ) ತಲೆಯಿಂದ ಎದ್ದಿತ್ತು. ಗೇನ್, ಅಂದ್ರೆ ಚಿತ್ರದ ಹೊಳಪು, ಏರಿಸಿದ್ರೆ ಒಳಗೆ ಸಣ್ಣ ಧೂಳು, ಹರಿವು ತೋರ್ಸೋ ಕಲರ್ ಡಾಪ್ಲರ್ ಆನ್ ಮಾಡಿದ್ ತಕ್ಷಣ ಆ ಧೂಳು ಪ್ರೋಬಿಂದ ದೂರ, ಜರಡಿಯಿಂದ ರಾಗಿಹಿಟ್ಟು ಉದುರಿದ ಹಾಗೆ ಕೆಳಗಿಳಿಯೋಕೆ ಶುರುವಾಯ್ತು. ಸ್ಪರ್ಮಟೋಸೀಲ್, ಅಂದ್ರೆ ವೀರ್ಯಾಣು ಇರೋ ನೀರಿನ ಗಂಟು. ಧೂಳು ಇಲ್ದಿದ್ರೆ ಮಾಮೂಲಿ ಎಪಿಡಿಡಿಮಲ್ ಸಿಸ್ಟೋ (ಅಲ್ಲೇ ಆಗೋ ಬರೀ ನೀರಿನ ಗುಳ್ಳೆ) ಇದೋ ಅಂತ ಸ್ಕ್ಯಾನಲ್ಲಿ ಎಷ್ಟೋ ಸಲ ಹೇಳೋಕಾಗಲ್ಲ, ಹೇಳ್ದೇ ಇದ್ರೂ ನಷ್ಟ ಇಲ್ಲ, ಎರಡೂ ನಿರಪಾಯ. ಆದ್ರೆ ಹೈಡ್ರೋಸೀಲ್ ಅಂದ್ಬಿಟ್ರೆ ಆಪರೇಷನ್ ಲೆಕ್ಕಾನೇ ಬೇರೆ ಆಗುತ್ತೆ, ಎಪಿಡಿಡಿಮಿಸ್‌ಗೆ ಕತ್ತರಿ ಹಾಕಿದ್ರೆ ವೀರ್ಯದ ದಾರಿ ಕಟ್ಟೋ ಭಯ, ಅವನಿಗಿನ್ನೂ ಮಕ್ಕಳಾಗಿಲ್ಲ.

ಕೆಲವರು ಎಳ್ಳುಕಾಳಿನಷ್ಟು ಗಟ್ಟಿ ಗಂಟು ಹಿಡ್ಕೊಂಡು ಕ್ಯಾನ್ಸರ್ ಅಂತ ನಿದ್ದೆಗೆಟ್ಟು ಬರ್ತಾರೆ, ಪ್ರೋಬಿಗೆ ಅದು ಜಾರ್ಕೊಳ್ಳುತ್ತೆ, ಅದಕ್ಕೆ ನೀವೇ ಎರಡು ಬೆರಳಲ್ಲಿ ಹಿಡೀರಿ ಅಂತೀನಿ. ಬೀಜದ ಹೊದಿಕೆ ಮೇಲೆ 2ರಿಂದ 5 ಮಿಲಿಮೀಟರ್ ಸಿಸ್ಟ್ ಕಂಡ್ರೆ ಇಬ್ರಿಗೂ ಉಸಿರು. ಬೀಜದ ಒಳಗೇ ಗಟ್ಟಿ ಭಾಗ ಕಂಡ್ರೆ ಮಾತ್ರ ಮಾತು ಕಮ್ಮಿ ಮಾಡಿ ಅವತ್ತೇ ಯೂರಾಲಜಿಸ್ಟ್ ಹತ್ರ ಕಳಿಸ್ತೀನಿ.

ಆ ಹುಡ್ಗನಿಗೆ ತಪ್ಪು ನಂದೇ, ನೋವಿಲ್ದಿದ್ರೆ ಸದ್ಯಕ್ಕೆ ಬಿಟ್ಬಿಡ್ಬಹುದು, ಸರ್ಜನ್ ಹತ್ರ ಮಾತಾಡಿ ಅಂದೆ. ತಲೆ ಆಡ್ಸಿ, ಹೊಸ ರಿಪೋರ್ಟ್ ತಗೊಂಡು, ಬಾಗ್ಲಲ್ಲಿ ನಿಂತು ಕೇಳ್ದ: "ಸರ್, ಕವರ್ ಮೇಲೆ ಹೊಟ್ಟೆ ಅಂತಾನೇ ಬರೀಬಹುದಾ?"