ರೋಗವಿಲ್ಲದ ಮಿದುಳಿನಲ್ಲಿ ಇವಕ್ಕೇನು ಕೆಲಸ?

ಧಾರವಾಡದ ನಮ್ಮ ಕಾಲೇಜಿನಲ್ಲಿ ಕಳೆದ ವಾರ ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನುಗಳ ಪಾಠ ಮುಗಿಸುತ್ತಾ, ಇವು ಬೆಳೆಯುವ ಮಿದುಳಿನಲ್ಲಿಯೂ ದುಡಿಯುತ್ತವೆ ಎಂದೆ. ನವಲಗುಂದ ಕಡೆಯ ಹುಡುಗಿಯೊಬ್ಬಳು ಎದ್ದು, "ರೋಗಾನ ಇಲ್ಲದ ಮಿದುಳಿನ್ಯಾಗ ಇವಕ್ಕೇನ್ ಕೆಲ್ಸ ರೀ ಮೇಡಂ?" ಎಂದಳು. ತಪ್ಪು ನಮ್ಮದೇ, ಸೈನ್ಯ, ಕೋಟೆ, ಶತ್ರು ಎಂದು ಕಲಿಸಿ, ಈ ಪ್ರೋಟೀನುಗಳಿಗೆ ಯುದ್ಧವೊಂದೇ ಕಸುಬು ಎಂಬ ಭಾವನೆ ಮೂಡಿಸಿದವರು ನಾವು.

ಅವಳಿಗೆ ಹುಬ್ಬಳ್ಳಿ ರಸ್ತೆಯ ಮರಗಳನ್ನು ನೆನಪಿಸಿದೆ. ರಸ್ತೆ ಅಗಲಿಸುವ ಮೊದಲು ಯಾರೋ ಬಂದು ಕಾಂಡದ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದು ಹೋಗುತ್ತಾರೆ. ಆಮೇಲೆ ಬರುವ ಗರಗಸದವರು ನೋಡುವುದು ಆ ಸಂಖ್ಯೆಯನ್ನು, ಮರವನ್ನಲ್ಲ. ಸಿ1ಕ್ಯೂ, ಸಿ3 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳು ಬ್ಯಾಕ್ಟೀರಿಯಾದ ಮೇಲೆ ಬರೆಯುವುದೂ ಇಂಥದೇ ಸಂಖ್ಯೆ. ಇಲಿಮರಿಯ ಮಿದುಳಿನಲ್ಲಿ, ಕಣ್ಣಿನಿಂದ ಬಂದ ಹತ್ತಾರು ನರತಂತುಗಳು ಥಲಾಮಸ್ ಎಂಬ ಮಿದುಳಿನ ಭಾಗದ ಒಂದೇ ನರಕೋಶಕ್ಕೆ ಜೋತುಬಿದ್ದಿರುತ್ತವೆ. ಮರಿ ಬೆಳೆದಂತೆ ಬಲವಾದ ಒಂದೆರಡು ಉಳಿದು ಮಿಕ್ಕವು ಹೋಗುತ್ತವೆ. ಹೀಗೆ ಹೋಗಬೇಕಾದ ಸಿನಾಪ್ಸುಗಳಿಗೆ, ಅಂದರೆ ನರಕೋಶಗಳ ನಡುವಿನ ಜೋಡಣೆಗಳಿಗೆ, ಗುರುತು ಹಚ್ಚುವುದರಲ್ಲಿ ಇದೇ ಪ್ರೋಟೀನುಗಳ ಕೈಯಿದೆ ಎಂದು ವಿಜ್ಞಾನಿಗಳಾದ ಬೆತ್ ಸ್ಟೀವನ್ಸ್, ಬೆನ್ ಬ್ಯಾರೆಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಸಿ1ಕ್ಯೂ ಅಥವಾ ಸಿ3 ಇಲ್ಲದ ಇಲಿಗಳಲ್ಲಿ ಬೇಡದ ಜೋಡಣೆಗಳು ಹಾಗೆಯೇ ಉಳಿದವು. ಗರಗಸದ ಕೆಲಸ ಮೈಕ್ರೋಗ್ಲಿಯಾ ಎಂಬ, ಮಿದುಳಿನದೇ ರೋಗನಿರೋಧಕ ಕೋಶಗಳದು. ಅವು ಗುರುತನ್ನು ಹಿಡಿದು ಸಿನಾಪ್ಸನ್ನು ನುಂಗುತ್ತವೆ.

"ಸಂಖ್ಯೆ ಬರಿಯೂದು ಯಾವುದಕ್ಕಂತ ಯಾರು ನಿರ್ಧಾರ ಮಾಡ್ತಾರ್ರೀ?" ಎಂದು ಅವಳು ಬಿಡಲಿಲ್ಲ. ಉತ್ತರ ಪೂರ್ತಿ ಸಿಕ್ಕಿಲ್ಲ, ಆದರೆ ಒಂದು ಸುಳಿವಿದೆ: ಒಂದು ಕಣ್ಣಿನ ಚಟುವಟಿಕೆಯನ್ನು ಕುಗ್ಗಿಸಿದರೆ, ಮೈಕ್ರೋಗ್ಲಿಯಾಗಳು ಆ ಕಣ್ಣಿನ ತಂತುಗಳನ್ನೇ ಹೆಚ್ಚಾಗಿ ನುಂಗುತ್ತವೆ.

ಗುರುತು ಅತಿಯಾದರೂ ತೊಂದರೆಯೇ ಇರಬಹುದು. ಸಿ4ಎ ಎಂಬ ಇನ್ನೊಂದು ಕಾಂಪ್ಲಿಮೆಂಟ್ ಪ್ರೋಟೀನು ಹೆಚ್ಚು ತಯಾರಾಗುವಂಥ ಜೀನ್ ರೂಪಗಳು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಅಪಾಯವನ್ನು ತುಸು ಏರಿಸುತ್ತವೆ ಎಂದು 2016ರ ಅಧ್ಯಯನವೊಂದು ಕಂಡುಕೊಂಡಿತು. ಹಾಗೆಂದು ಆ ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುತ್ತದೆಂದಲ್ಲ. ಗಬ್ಬದ ಇಲಿಯಲ್ಲಿ ಸೋಂಕಿನಂಥ ಸ್ಥಿತಿ ಉಂಟುಮಾಡಿದಾಗ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-17ಎ ಎಂಬ, ರೋಗನಿರೋಧಕ ವ್ಯವಸ್ಥೆಯದೇ ಸಂಕೇತ ಪ್ರೋಟೀನುಗಳ ಮೂಲಕ ಮರಿಯ ಮಿದುಳಿನ ಬೆಳವಣಿಗೆ ಬದಲಾಗುವುದೂ ತಿಳಿದಿದೆ. ಇದನ್ನು ಹೇಳುವಾಗ ನಾನು ತಡವರಿಸುತ್ತೇನೆ, ಏಕೆಂದರೆ ಇಲಿಯ ಪ್ರಯೋಗ ಮುಂದಿಟ್ಟು ಬಸುರಿ ಹೆಂಗಸರನ್ನು ಹೆದರಿಸುವವರು ಊರಲ್ಲಿ ಈಗಾಗಲೇ ಸಾಕಷ್ಟಿದ್ದಾರೆ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಬೇಕು, ಅಷ್ಟೇ.