ಐದೆಲೆ ಬೇವಿನ ಯುಗಾದಿ

ನಮ್ಮೂರಲ್ಲಿ ಬೇವಿನ ಮರ ಇಲ್ಲ. ಹೇಳಿದರೆ ಬಯಲುಸೀಮೆಯವರು ನಂಬಲ್ಲ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋದಷ್ಟೂ ಮಳೆ ಜಾಸ್ತಿ. ಬೇವಿಗೆ ಬೇಕಾದ್ದು ಒಣ ನೆಲ, ಒಳ್ಳೆ ಬಿಸಿಲು. ಹಾಗಾಗಿ ಹಬ್ಬದ ಹಿಂದಿನ ದಿನ ಅಪ್ಪಯ್ಯ ಪೇಟೆಗೆ ಹೋಗಿ, ಶಿವಮೊಗ್ಗದ ಕಡೆಯಿಂದ ಬಂದ ಬೇವಿನ ಕಟ್ಟು ಕೊಂಡು ತರುತ್ತಿದ್ದರು. ಬಸ್ಸಿನ ಸೆಕೆಗೆ ಅದು ಅರ್ಧ ಬಾಡಿರುತ್ತಿತ್ತು. ಅಮ್ಮ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು.

ಆದ್ದರಿಂದ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಕೂತು ಬೇವು ಸಿಗಲ್ಲ ಅಂತ ಗೋಳಾಡುವ ಹಕ್ಕು ನನಗೆ ಅಷ್ಟಾಗಿ ಇಲ್ಲ.

ಆದರೂ 2023ರ ಯುಗಾದಿಯಲ್ಲಿ ಗೋಳಾಡಿದೆ. ಆ ಚಳಿಗಾಲ ಮುಗಿಯುವ ಲಕ್ಷಣವೇ ಇರಲಿಲ್ಲ. ಒಟ್ಟು ಲೆಕ್ಕ ಹಾಕಿದಾಗ 90 ಇಂಚು ಹಿಮ, ಅಂದರೆ ಏಳೂವರೆ ಅಡಿ. ಈ ಊರಿನ ದಾಖಲೆಯಲ್ಲಿ ಅದಕ್ಕೆ ಮೂರನೇ ಸ್ಥಾನ. ಫೆಬ್ರವರಿ 2ಕ್ಕೆ ಇಲ್ಲಿ ಒಂದು ತಮಾಷೆ ಇದೆ. ಪೆನ್ಸಿಲ್ವೇನಿಯಾದಲ್ಲಿ ಫಿಲ್ ಅನ್ನುವ ಒಂದು ದಪ್ಪ ಪ್ರಾಣಿಯನ್ನು ಬಿಲದಿಂದ ಹೊರಗೆ ತೆಗೆಯುತ್ತಾರೆ. ಅದು ತನ್ನ ನೆರಳು ನೋಡಿದರೆ ಚಳಿ ಇನ್ನೂ ಆರು ವಾರ ಅಂತ ಅರ್ಥ. ಆ ವರ್ಷ ನೋಡಿತು. ಅಪ್ಪಯ್ಯನಿಗೆ ಹೇಳಿದರೆ, "ಹೆಗ್ಗಣದ ಹತ್ರ ಪಂಚಾಂಗ ಕೇಳೋ ದೇಶಕ್ಕೆ ಹೋಗಿದೀಯಲ್ಲ ಮಾರಾಯ್ತಿ" ಅಂದರು. ಆರು ವಾರ ಅಂದರೆ ಮಾರ್ಚ್ 16. ಯುಗಾದಿ 22ಕ್ಕೆ. ಸರಿ, ಲೆಕ್ಕ ಕೂಡಿಬರುತ್ತದೆ ಅಂದುಕೊಂಡೆ. ಹೆಗ್ಗಣವನ್ನು ನಂಬಿದ್ದು ನನ್ನದೇ ತಪ್ಪು.

ಬೇವಿನ ಗಿಡ ಒಂದು ನನ್ನ ಹತ್ತಿರ ಇತ್ತು. ಮೇಪಲ್ ಗ್ರೋವ್ ದೇವಸ್ಥಾನದಲ್ಲಿ ಪರಿಚಯವಾದ ದಾವಣಗೆರೆ ಕಡೆಯ ಅಕ್ಕ ಒಬ್ಬರು ಕುಂಡದಲ್ಲಿ ಬೆಳೆಸಿ ಕೊಟ್ಟಿದ್ದು. ಬೇಸಿಗೆಯಲ್ಲಿ ಹೊರಗೆ, ಚಳಿಗಾಲದಲ್ಲಿ ದಕ್ಷಿಣದ ಕಿಟಕಿ ಪಕ್ಕ. ಡಿಸೆಂಬರ್‌ನಿಂದ ದಿನಕ್ಕೆರಡು ಎಲೆ ಉದುರಿಸಲು ಶುರು ಮಾಡಿತು. ಬೆಳಕು ಸಾಲದು, ಹೀಟರಿನ ಗಾಳಿ ಬೇರೆ ಒಣಒಣ. ಹಬ್ಬದ ಹೊತ್ತಿಗೆ ಉಳಿದಿದ್ದು ಒಂದು ಕಡ್ಡಿ, ಅದರ ತುದಿಯಲ್ಲಿ ಐದೆಲೆ. ಒಂದರ ಗರಗಸದ ಅಂಚು ಆಗಲೇ ಹಳದಿ.

21ರ ರಾತ್ರಿ ಎಂಟಕ್ಕೆ ಊರಿಂದ ವಿಡಿಯೋ ಕಾಲ್. ಅಲ್ಲಿ ಆಗಲೇ 22ರ ಬೆಳಗಿನ ಆರೂವರೆ. ಅಮ್ಮನ ತಲೆಯಿಂದ ಇನ್ನೂ ಎಣ್ಣೆ ಸ್ನಾನದ ನೀರು ತೊಟ್ಟಿಕ್ಕುತ್ತಿತ್ತು. "ನಿಮಗಿನ್ನೂ ಹಳೇ ವರ್ಷವಾ?" ಅಂತ ನಕ್ಕಳು. ಬಾಗಿಲಿಗೆ ಮಾವಿನ ತೋರಣ, ಮೂಲೆಯಲ್ಲಿ ಬೇವಿನ ದೊಡ್ಡ ಕಟ್ಟು. ನಾನು ಗಿಡ ತೋರಿಸಿದೆ. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿ, "ಎಂತ ಮಾರಾಯ್ತಿ, ಕಡ್ಡಿ ಹಿಡ್ಕೊಂಡು ಕೂತಿದೀಯ" ಅಂದಳು.

ಅಪ್ಪಯ್ಯ ಅಂಗಳದಲ್ಲಿ ಗೋಟಡಿಕೆ ಹರಡುತ್ತಿದ್ದರು. ಸಿಪ್ಪೆ ಸಮೇತ ತಿಂಗಳುಗಟ್ಟಲೆ ಒಣಗಬೇಕು ಅದು. ಮಧ್ಯೆ ಒಂದು ಮಳೆ ಬಿದ್ದರೆ ಬೂಷ್ಟು ಹಿಡಿದು ರೇಟು ಹೋಗುತ್ತದೆ. ಮಾತಾಡುತ್ತಲೇ ಎರಡು ಸಲ ಆಕಾಶ ನೋಡಿದರು. "ನಿನ್ನೆ ಸಂಜೆ ಮೋಡ ಕಟ್ಟಿತ್ತು. ಈಗ ಬಿಸಿಲು. ನಂಬಕ್ಕಾಗಲ್ಲ." ಮಾವಿನ ಹೂವಿನ ಸುದ್ದಿಯೂ ಬಂತು. ಮೋಡ ಜಾಸ್ತಿಯಾಗಿ ಜಿಗಿಹುಳ ಬಿದ್ದು ಅರ್ಧ ಹೂ ಕರಟಿದೆಯಂತೆ. ಉಪ್ಪಿನಕಾಯಿ ಮಿಡಿಗೆ ಈ ಸಲ ಪರದಾಟವೇ.

ನಮ್ಮ ಹಬ್ಬ ಮರುದಿನ ಬುಧವಾರ, ಆಫೀಸು ಸ್ಕೂಲು ಎಲ್ಲ ಮುಗಿಸಿ ಸಂಜೆಗೆ. ಬಾಗಿಲ ಮುಂದೆ ಹಿಮ ಒತ್ತರಿಸಿದ ದಿಬ್ಬ ಮಗಳ ಎತ್ತರಕ್ಕಿತ್ತು. ರಂಗೋಲಿ ಪುಡಿ ಹಾಕಿದರೆ ಬಿಳಿ ಮೇಲೆ ಬಿಳಿ, ಏನೂ ಕಾಣಲ್ಲ. ಊರಲ್ಲಿ ಕೆಮ್ಮಣ್ಣು ಸಾರಿಸಿ ಶೇಡಿಯಲ್ಲಿ ಬಿಳಿ ಎಳೆ ಬರೆಯುತ್ತಿದ್ದೆವು. ಮಗಳು ಅದನ್ನೇ ತಿರುಗಿಸಿ ಹಿಮದ ಮೇಲೆ ಕುಂಕುಮದಲ್ಲಿ ಬರೆದಳು. ಅರ್ಧ ಗಂಟೆಯಲ್ಲಿ ಬಣ್ಣ ಹರಡಿ ಯಾರೋ ಬಿದ್ದು ಪೆಟ್ಟು ಮಾಡಿಕೊಂಡ ಹಾಗೆ ಕಂಡಿತು. ಪಕ್ಕದ ಮನೆಯವರು ಗಾಬರಿಯಾಗಿ ಬಂದು ವಿಚಾರಿಸಿದರು. ಅವರಿಗೂ ಒಂದು ಹೋಳಿಗೆ ಹೋಯಿತು.

ಹೋಳಿಗೆಯದು ಬೇರೆಯೇ ಕತೆ. ಹೂರಣ ಚೆನ್ನಾಗಿ ಬಂತು, ಕೈಕೊಟ್ಟಿದ್ದು ಕಣಕ. ಮನೆಯೊಳಗಿನ ಒಣ ಗಾಳಿಗೆ ಹತ್ತು ನಿಮಿಷದಲ್ಲಿ ಮೇಲೆ ಚರ್ಮ ಕಟ್ಟಿತು. ಮೊದಲ ನಾಲ್ಕು ಲಟ್ಟಿಸುವಾಗಲೇ ಬಾಯಿಬಿಟ್ಟು, ಹೂರಣ ಕಾವಲಿಗೆ ಅಂಟಿ ಸೀದು, ಹೊಗೆ ಅಲಾರಂ ಕೂಗಿಕೊಂಡಿತು. ನಮ್ಮನೆಯವರು ಸ್ಟೂಲ್ ಹತ್ತಿ ಟವೆಲ್ ಬೀಸಿದರು. ಕೊನೆಗೆ ಕಣಕವನ್ನು ಎಣ್ಣೆಯಲ್ಲಿ ಮುಳುಗಿಸಿಯೇ ಇಟ್ಟೆ. ಆಮೇಲಿನವು ಸುಮಾರಾಗಿ ಹೋಳಿಗೆಯಂತೆ ಕಂಡವು.

ಐದೆಲೆಯಲ್ಲಿ ಒಂದು ದೇವರಿಗೆ, ಮೂರು ನಮಗೆ. ಹಳದಿಯಾಗಿದ್ದನ್ನು ಗಿಡದಲ್ಲೇ ಬಿಟ್ಟೆ. ತಿಂಗಳುಗಟ್ಟಲೆ ಬಿಸಿಲು ಕಾಣದ ಎಲೆ, ಆದರೂ ಕಹಿಗೆ ಏನೂ ಕಮ್ಮಿ ಇರಲಿಲ್ಲ. ಮಗಳು ಬೆಲ್ಲ ಮಾತ್ರ ಎರಡು ಸಲ ತೆಗೆದುಕೊಂಡಳು.

ಆಮೇಲಿನ ಕತೆ ಕೇಳಿ. ಏಪ್ರಿಲ್ ಒಂದಕ್ಕೆ ಮತ್ತೆ ಹಿಮ ಸುರಿಯಿತು. 12ಕ್ಕೆ ಇದ್ದಕ್ಕಿದ್ದಂತೆ ಬಿಸಿಲು 30 ಡಿಗ್ರಿ ದಾಟಿ ಜನ ಚಡ್ಡಿ ಹಾಕಿಕೊಂಡು ಬೀದಿಗೆ ಬಂದರು. ನಾನೂ ಬೇವಿನ ಕುಂಡ ಹೊರಗಿಟ್ಟೆ. ನಾಲ್ಕು ದಿನ ಅಷ್ಟೇ. ಮತ್ತೆ ಹಿಮ.

ಅವತ್ತು ಫೋನ್ ಮಾಡಿದಾಗ ಅಪ್ಪಯ್ಯ ಏದುಸಿರು ಬಿಡುತ್ತಿದ್ದರು. ಮೋಡ ನೋಡಿ ಅಡಿಕೆಯನ್ನೆಲ್ಲ ಬಾಚಿ ಒಳಗೆ ಹಾಕಿದ್ದರಂತೆ, ಹನಿಯೂ ಬೀಳಲಿಲ್ಲವಂತೆ. "ನೀನೆಂತ ಮಾಡ್ತಿದೀಯ?" ಅಂದರು.

"ನಾನೂ ಗಿಡ ಒಳಗೆ ತಂದೆ ಅಪ್ಪಯ್ಯ" ಅಂದೆ.